ಮಂಡ್ಯ ಜಿಲ್ಲೆಯ ಕಲ್ಲುಕೆತ್ತನೆ

ಮಂಡ್ಯ ಜಿಲ್ಲೆಯ ಕಲ್ಲುಕೆತ್ತನೆಯು ಕರ್ನಾಟಕದ ಮಂಡ್ಯ, ಮದ್ದೂರು, ಮಳವಳ್ಳಿ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ನಡೆದುಬಂದಿರುವ ಸಾಂಪ್ರದಾಯಿಕ ಕಸುಬು. ದೇವಾಲಯಗಳಿಗೆ ಮೂರ್ತಿ, ಪೀಠ, ಬಾಗಿಲುವಾಡ ಹಾಗೂ ಕಂಬಗಳನ್ನು ಕೆತ್ತುವುದು, ನಾಗರಕಲ್ಲು ಮತ್ತು ಸಮಾಧಿ ಕಲ್ಲುಗಳನ್ನು ಸಿದ್ಧಪಡಿಸುವುದು, ಒರಳು, ಬೀಸುವ ಕಲ್ಲುಗಳಂಥ ಗೃಹಬಳಕೆಯ ವಸ್ತುಗಳನ್ನು ಮಾಡುವುದು ಮತ್ತು ಅಲಂಕಾರಿಕ ಕರಕುಶಲ ವಸ್ತುಗಳ ಮಾರಾಟ ಇದರ ವ್ಯಾಪ್ತಿಗೆ ಸೇರುತ್ತವೆ. ಮೂರ್ತಿ ಕೆತ್ತನೆಯಲ್ಲಿ ಹೆಚ್ಚಾಗಿ ವಿಶ್ವಕರ್ಮ ಸಮುದಾಯದವರೂ ಬಂಡೆ ಸೀಳುವುದು, ಚಪ್ಪಡಿ ತೆಗೆಯುವುದು ಮೊದಲಾದ ಕೆಲಸಗಳಲ್ಲಿ ಭೋವಿ ಸಮುದಾಯದವರೂ ತೊಡಗಿಕೊಂಡಿದ್ದಾರೆ. ಈ ವಿಭಜನೆ ಇಂದು ಮೊದಲಿನಷ್ಟು ಬಿಗಿಯಾಗಿ ಉಳಿದಿಲ್ಲ.

ಇತಿಹಾಸ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ಕಾಲದ ಶಿಲಾಶಾಸನವು ಈ ಪ್ರದೇಶದ ಕೆತ್ತನೆಯ ಹಳೆಯ ಮಾದರಿಗಳಲ್ಲಿ ಪ್ರಸಿದ್ಧವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ದೊರೆ ಇಮ್ಮಡಿ ಬೂತುಗನೂ ಚೋಳರ ವಿರುದ್ಧ ತಕ್ಕೋಲದಲ್ಲಿ ಹೋರಾಡಿದ ಸಂಗತಿಯನ್ನು ಅದು ತಿಳಿಸುತ್ತದೆ. ಬೂತುಗನ ಅನುಚರನಾದ ಮಣಲೇರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿ ಕಾಡುಹಂದಿಯೊಂದರೊಡನೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ನಿಲ್ಲಿಸಿದ ಈ ಕಲ್ಲಿನಲ್ಲಿ ಹಂದಿಯ ಮೇಲೆರಗಿದ ನಾಯಿಯ ಉಬ್ಬುಶಿಲ್ಪವಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಕೆತ್ತಿದವನ ಕೆಲಸ ಇಂದಿನ ಕೆತ್ತನೆಗಾರನ ಕೆಲಸಕ್ಕಿಂತ ತತ್ವತಃ ಭಿನ್ನವಾದುದಲ್ಲ: ಒಬ್ಬನ ದುಃಖಕ್ಕೋ ಭಕ್ತಿಗೋ, ಆತ ಹೇಳಿದ ವಿಷಯಕ್ಕೆ, ಕೊಟ್ಟ ಅಳತೆಯ ಕಲ್ಲಿನಲ್ಲಿ ರೂಪ ಕೊಡುವುದು.

ಗಂಗರ ಕಾಲದ್ದೆನ್ನಲಾದ ಕಂಬದಹಳ್ಳಿಯ ಪಂಚಕೂಟ ಬಸದಿ (ನಾಗಮಂಗಲ ತಾಲ್ಲೂಕು), ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಮೇಲಿನ ಬಾಹುಬಲಿ ಮೂರ್ತಿ ಮತ್ತು ಮಳವಳ್ಳಿ ಸಮೀಪದ ಮಾರೇಹಳ್ಳಿಯಲ್ಲಿರುವ ಚೋಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಈ ಭಾಗದ ಇತರ ಪ್ರಾಚೀನ ಕೆಲಸಗಳು. ಹೊಯ್ಸಳರ ಆಳ್ವಿಕೆಯಲ್ಲಿ ಕಸುಬು ಉತ್ತುಂಗಕ್ಕೇರಿತು. ಕಿಕ್ಕೇರಿಯ ಬ್ರಹ್ಮೇಶ್ವರ (1171), ಬಸರಾಳಿನ ಮಲ್ಲಿಕಾರ್ಜುನ (1234) ಮತ್ತು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಗಳು ಇದೇ ಜಿಲ್ಲೆಯಲ್ಲಿವೆ. ಮದ್ದೂರಿನ ವರದರಾಜಸ್ವಾಮಿ ಅಥವಾ ಅಲ್ಲಾಳನಾಥನ ಮೂರ್ತಿ ಸುಮಾರು 12 ಅಡಿ ಎತ್ತರವಿದೆ. ಮೂರ್ತಿಯ ಬೆನ್ನಿನ ಭಾಗವೂ ಮುಂಭಾಗದಷ್ಟೇ ಸೂಕ್ಷ್ಮವಾಗಿ ಕೆತ್ತಲ್ಪಟ್ಟಿರುವುದರಿಂದ ಇದನ್ನು ಹಿಂದಿನಿಂದಲೂ ನೋಡಬೇಕೆಂಬ ಮಾತು ಸ್ಥಳೀಯವಾಗಿ ರೂಢಿಯಲ್ಲಿದೆ. ಗೋಡೆಗೆ ತಾಗುವ ಬದಿಯನ್ನು ಒರಟಾಗಿ ಬಿಡುವುದೇ ಸಾಮಾನ್ಯ ಪದ್ಧತಿಯಾದ್ದರಿಂದ ಈ ಮೂರ್ತಿ ವಿಶಿಷ್ಟವೆನಿಸುತ್ತದೆ.

ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆಯುತ್ತಿದ್ದರು. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗ ದೇವಾಲಯದಲ್ಲಿ ‘ರೂವಾರಿ’ ಮಲ್ಲಿತಮ್ಮನ ಹೆಸರು ಸಿಗುತ್ತದೆ. ರೂವಾರಿ ಎಂದರೆ ಶಿಲ್ಪಿ. ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯಲ್ಲಿಯೂ ಮಳವಳ್ಳಿಗೆ ನೆರೆಯದಾದ ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಇರುವುದರಿಂದ, ಆ ಕಾಲದ ಶಿಲ್ಪಿಗಳು ಕೆಲಸ ಕರೆದಲ್ಲಿಗೆ ಊರಿಂದೂರಿಗೆ ಹೋಗುತ್ತಿದ್ದರೆಂಬುದು ಸ್ಪಷ್ಟ. ಸೋಮನಾಥಪುರ ದೇವಾಲಯವು ಬೇಲೂರು, ಹಳೇಬೀಡು ದೇವಾಲಯಗಳೊಂದಿಗೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂದು ಕೆತ್ತಲಾಗುವ ಪೀಠಗಳ ಮೇಲೆ ಕಾಣುವುದು ಹೆಚ್ಚಾಗಿ ದಾನಿಗಳ ಹೆಸರು. ಕೆತ್ತಿದವನ ಹೆಸರು ಅಪರೂಪ.

ಕಲ್ಲು

ಜಿಲ್ಲೆಯ ಬಹುಭಾಗದ ಬುಡದಲ್ಲಿರುವುದು ನೈಸ್ ಮತ್ತು ಗ್ರಾನೈಟ್ ಶಿಲೆ. ರಾಮನಗರ, ಚನ್ನಪಟ್ಟಣ, ಕನಕಪುರಗಳ ಮೂಲಕ ಹಾಯುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಜಿಲ್ಲೆಯ ಪೂರ್ವದ ಅಂಚಿಗೆ ಹತ್ತಿರದಲ್ಲಿದೆ. ಚಪ್ಪಡಿ, ಕಂಬ, ಮೆಟ್ಟಿಲು, ಒರಳು ಮುಂತಾದವುಗಳಿಗೆ ಈ ಗಟ್ಟಿ ಕಲ್ಲು ಬಳಕೆಯಾಗುತ್ತದೆ. ಮೂರ್ತಿಗಳಿಗೆ ಬೇಕಾಗುವುದು ಬೇರೆಯದೇ ಕಲ್ಲು. ಹೊಯ್ಸಳರು ಬಳಸಿದ ಬಳಪದ ಕಲ್ಲು ಕ್ಲೋರೈಟ್ ಶಿಸ್ಟ್ ವರ್ಗಕ್ಕೆ ಸೇರಿದ್ದು. ಗಣಿಯಿಂದ ಹೊರತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಡುಸಾಗುತ್ತದೆ. ಶಿಲ್ಪಿಗಳು ‘ಕೃಷ್ಣಶಿಲೆ’ ಎಂದು ಕರೆಯುವ ಕಪ್ಪುಬಣ್ಣದ ಕಲ್ಲು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಕಡೆಯಿಂದ ಬರುತ್ತದೆ. ಇದು ಎಣ್ಣೆ ಹಚ್ಚಿದಂತೆಲ್ಲ ಕಪ್ಪೇರುತ್ತದೆ.

ಗಡಸುತನದ ಈ ವ್ಯತ್ಯಾಸವೇ ಕೆಲಸದ ವೇಗವನ್ನೂ ಬೆಲೆಯನ್ನೂ ನಿರ್ಧರಿಸುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬಳಪದ ಮುಖ್ಯ ಖನಿಜವಾದ ಟಾಲ್ಕ್ 1ನೇ ಸ್ಥಾನದಲ್ಲಿ, ಕ್ಲೋರೈಟ್ 2ರಿಂದ 2.5ರಲ್ಲಿ, ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ 6ರಲ್ಲಿ ಮತ್ತು ಕ್ವಾರ್ಟ್ಸ್ 7ರಲ್ಲಿ ಇವೆ. ಬಳಪದ ಕಲ್ಲಿನಲ್ಲಿ ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಬಹುದು. ಗ್ರಾನೈಟಿನಲ್ಲಿ ಅದೇ ಪ್ರಯತ್ನಕ್ಕೆ ಉಳಿಯ ಮೊನೆ ಮತ್ತೆ ಮತ್ತೆ ಮೊಂಡಾಗುತ್ತದೆ, ಇಲ್ಲವೇ ಕಲ್ಲಿನ ಹರಳೇ ಸಿಡಿದುಹೋಗುತ್ತದೆ. ತೂಕವೂ ಲೆಕ್ಕಕ್ಕೆ ಬರುತ್ತದೆ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿ.ಗ್ರಾಂ ತೂಗುತ್ತದೆ. ಮೂರು ಅಡಿ ಎತ್ತರ, ಒಂದೂವರೆ ಅಡಿ ಅಗಲ, ಒಂದು ಅಡಿ ದಪ್ಪದ ದಿಮ್ಮಿ ಸುಮಾರು 340 ಕಿ.ಗ್ರಾಂ ಆಗುವುದರಿಂದ ಸಾಗಣೆ, ಇಳಿಸುವ ಕೂಲಿ, ಸರಪಳಿ ರಾಟೆ ಎಲ್ಲವೂ ಖರ್ಚಿಗೆ ಸೇರುತ್ತವೆ.

ಶಿಲ್ಪಶಾಸ್ತ್ರಗಳು ಕಲ್ಲನ್ನು ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸುತ್ತವೆ. ಬಡಿದಾಗ ಗಂಟೆಯಂತೆ ದೀರ್ಘವಾಗಿ ನಾದ ಕೊಡುವುದು ಮೂರ್ತಿಗೂ, ಮೃದುವಾದ ನಾದವಿರುವುದು ಪೀಠಕ್ಕೂ, ನಾದವಿಲ್ಲದ್ದು ತಳಪಾಯಕ್ಕೂ ಯೋಗ್ಯವೆಂಬುದು ಅವುಗಳ ಮತ. ಈ ಪರಿಭಾಷೆಯ ಹಿಂದೆ ನೇರವಾದ ಭೌತಿಕ ಕಾರಣವಿದೆ: ಒಳಬಿರುಕಿರುವ ಕಲ್ಲು ಸ್ಪಷ್ಟವಾಗಿ ಮೊಳಗುವುದಿಲ್ಲ. ಒಳಗೆ ಪೊಳ್ಳು ಇರುವ ಕಲ್ಲನ್ನು ಗರ್ಭಶಿಲೆ ಎನ್ನುತ್ತಾರೆ. ಅಮರಶಿಲ್ಪಿ ಜಕಣಾಚಾರಿಯ ಐತಿಹ್ಯದ ತಿರುಳೂ ಇದೇ. ಬೇಲೂರಿನ ಮೂರ್ತಿಗೆ ಗಂಧದ ಲೇಪ ಹಚ್ಚಿದಾಗ ಹೊಕ್ಕುಳ ಬಳಿ ಮಾತ್ರ ಆರದೆ ಉಳಿಯಿತು, ಅಲ್ಲಿ ತಟ್ಟಿದಾಗ ಕಪ್ಪೆ ಹೊರಬಂತು ಎಂಬುದು ಕಥೆ. ಜಕಣಾಚಾರಿಯ ಹೆಸರು ಹೊಯ್ಸಳ ಶಾಸನಗಳಲ್ಲಿ ಕಾಣುವುದಿಲ್ಲವಾದ್ದರಿಂದ ಇತಿಹಾಸಕಾರರು ಕಥೆಯನ್ನು ಚರಿತ್ರೆಯೆಂದು ಒಪ್ಪುವುದಿಲ್ಲ. ಆದರೆ ಲೇಪ ಹಚ್ಚಿ ಒದ್ದೆ ಉಳಿಯುವ ಜಾಗದಿಂದ ದೋಷ ಕಂಡುಹಿಡಿಯುವ ಕ್ರಮ ಶಿಲ್ಪಿಗಳಿಗೆ ಪರಿಚಿತವಾದುದೇ.

ಒಪ್ಪಂದ ಮತ್ತು ಅಳತೆ

ಮೂರ್ತಿಯ ಬೇಡಿಕೆ ಸಾಮಾನ್ಯವಾಗಿ ಗ್ರಾಮದ ದೇವಸ್ಥಾನ ಸಮಿತಿಯಿಂದ ಬರುತ್ತದೆ. ಹಳೆಯ ಮಾರಮ್ಮನ ಗುಡಿ, ಬಸವೇಶ್ವರ ಅಥವಾ ಆಂಜನೇಯನ ಗುಡಿಯನ್ನು ಜೀರ್ಣೋದ್ಧಾರ ಮಾಡುವಾಗ ಊರಿನ ಯಜಮಾನರು, ಅರ್ಚಕರು ಸೇರಿ ಶಿಲ್ಪಿಯ ಬಳಿಗೆ ಹೋಗುತ್ತಾರೆ. ದೇವತೆ, ಆಯುಧ, ವಾಹನ, ನಿಂತ ಭಂಗಿಯೋ ಕುಳಿತದ್ದೋ ಎಂಬುದು ಮೊದಲು ತೀರ್ಮಾನವಾಗುತ್ತದೆ. ಎತ್ತರವನ್ನು ಗರ್ಭಗುಡಿಯ ಬಾಗಿಲಿನಿಂದ ಲೆಕ್ಕ ಹಾಕುವ ಹಳೆಯ ಸೂತ್ರವೊಂದು ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿದೆ: ಬಾಗಿಲಿನ ಎತ್ತರದಲ್ಲಿ ಎಂಟನೆಯ ಒಂದು ಭಾಗವನ್ನು ಕಳೆದು, ಉಳಿದುದರಲ್ಲಿ ಮೂರನೆಯ ಎರಡು ಭಾಗ ಮೂರ್ತಿಗೆ, ಒಂದು ಭಾಗ ಪೀಠಕ್ಕೆ. ಆರು ಅಡಿಯ ಬಾಗಿಲಾದರೆ 72 ಅಂಗುಲದಲ್ಲಿ 9 ಕಳೆದು 63. ಮೂರ್ತಿ 42 ಅಂಗುಲ, ಪೀಠ 21 ಅಂಗುಲ.

ಮೂರ್ತಿಯೊಳಗಿನ ಪ್ರಮಾಣಕ್ಕೆ ‘ತಾಳ’ವೇ ಅಳತೆ. ಮುಖದ ಉದ್ದ ಒಂದು ತಾಳ, ಒಂದು ತಾಳಕ್ಕೆ 12 ಅಂಗುಲ. ಇಲ್ಲಿನ ಅಂಗುಲ ಇಂಚಲ್ಲ, ಆಯಾ ಮೂರ್ತಿಗೇ ಸೀಮಿತವಾದ ಭಾಗ. ನವತಾಳದ ಮೂರ್ತಿ 108 ಅಂಗುಲದ್ದಾಗಿರುತ್ತದೆ. 36 ಇಂಚು ಎತ್ತರದ ನವತಾಳ ಮೂರ್ತಿಯಲ್ಲಿ ಮುಖ ನಾಲ್ಕು ಇಂಚು ಬರುತ್ತದೆ. ವಿಷ್ಣು, ಶಿವ ಮೊದಲಾದ ಪ್ರಧಾನ ದೇವತೆಗಳಿಗೆ ದಶತಾಳವನ್ನೂ ಗಣಪತಿಗೆ ಪಂಚತಾಳವನ್ನೂ ಗ್ರಂಥಗಳು ಹೇಳುತ್ತವೆ. ಗ್ರಾಮದೇವತೆಗಳಿಗೆ ಬಂದಾಗ ಶಾಸ್ತ್ರಕ್ಕಿಂತ ಹಳೆಯ ಮೂರ್ತಿಯ ರೂಪವೇ ಪ್ರಮಾಣ. ಊರಿನವರ ಕಣ್ಣಿಗೆ ‘ನಮ್ಮ ಅಮ್ಮ’ ಹಾಗೆಯೇ ಕಾಣಬೇಕಾಗುತ್ತದೆ. ಬಾಯಿಮಾತಿನಲ್ಲಿ ಹೇಳಿದ ಈ ಹೋಲಿಕೆಯನ್ನು ಕಲ್ಲಿಗೆ ತರುವುದು ಅಳತೆಯ ಮೂರ್ತಿಗಿಂತ ಕಷ್ಟವೆಂದೇ ಹೇಳಬೇಕು.

ಹಣ ಕಂತುಗಳಲ್ಲಿ ಸಲ್ಲುತ್ತದೆ. ವೀಳ್ಯದೊಂದಿಗೆ ಕೊಡುವ ಮುಂಗಡವು ಬಹುಮಟ್ಟಿಗೆ ಕಲ್ಲಿನ ಬೆಲೆಗೂ ಸಾಗಣೆಗೂ ಮುಗಿಯುತ್ತದೆ. ಎರಡನೆಯ ಕಂತು ಮೂರ್ತಿಯ ರೂಪ ಒಡಮೂಡಿದ ಮೇಲೆ, ಉಳಿದುದು ಮೂರ್ತಿಯನ್ನು ಒಯ್ಯುವಾಗ. ಗ್ರಾಮಗಳ ವಂತಿಗೆಯ ಹಣ ಬೆಳೆಯ ಹಣವೇ ಆದ್ದರಿಂದ, ಕಬ್ಬು, ಭತ್ತ ಪ್ರಧಾನವಾದ ಈ ಜಿಲ್ಲೆಯಲ್ಲಿ ಮಳೆ ತಪ್ಪಿದ ವರ್ಷ ಅಥವಾ ಕಾರ್ಖಾನೆಗಳಿಂದ ಕಬ್ಬಿನ ಬಾಕಿ ತಡವಾದ ವರ್ಷ ಗುಡಿಯ ಕೆಲಸ ಮುಂದೂಡಲ್ಪಡುತ್ತದೆ. ಅದರೊಂದಿಗೆ ಶಿಲ್ಪಿಯ ಕೊನೆಯ ಕಂತೂ ನಿಲ್ಲುತ್ತದೆ. ಆಷಾಢ ಮತ್ತು ಧನುರ್ಮಾಸಗಳಲ್ಲಿ ಪ್ರತಿಷ್ಠೆ ನಡೆಯುವುದಿಲ್ಲ. ಉತ್ತರಾಯಣದ ಮುಹೂರ್ತಗಳಿಗೆ ಎಲ್ಲ ಊರುಗಳೂ ಒಟ್ಟಿಗೆ ಕೇಳುವುದರಿಂದ ವರ್ಷದ ಕೆಲವು ತಿಂಗಳು ಬಿಡುವಿಲ್ಲದ ಕೆಲಸ, ಉಳಿದ ತಿಂಗಳು ಕೈ ಖಾಲಿ.

ಕೆಲಸದ ಅತಿ ದೊಡ್ಡ ಅಪಾಯ ಭಿನ್ನವಾಗುವುದು. ಭಿನ್ನಗೊಂಡ ಮೂರ್ತಿ ಪೂಜೆಗೆ ಅರ್ಹವಲ್ಲ. ಮೂಗು, ಬೆರಳು ಅಥವಾ ಆಯುಧದ ತುದಿ ಮುರಿದರೂ, ಒಳಗಿನ ಬಿಳಿ ಎಳೆಯೊಂದು ಮುಖದ ಮೇಲೆ ಕಾಣಿಸಿಕೊಂಡರೂ, ತಿಂಗಳುಗಟ್ಟಲೆ ಮಾಡಿದ ಕೆಲಸ ವ್ಯರ್ಥ. ಅಂಟು ಹಾಕಿ ಕೂಡಿಸುವುದು ಅಲಂಕಾರದ ವಿಗ್ರಹಕ್ಕೆ ಸಲ್ಲುತ್ತದೆ, ಗರ್ಭಗುಡಿಯ ಮೂರ್ತಿಗೆ ಸಲ್ಲದು. ಹೀಗಾದಾಗ ಹೊಸ ಕಲ್ಲು ತಂದು ಮತ್ತೆ ಕೆತ್ತಿಕೊಡುವ ಹೊಣೆ ಸಾಮಾನ್ಯವಾಗಿ ಶಿಲ್ಪಿಯದೇ. ಒಪ್ಪಂದ ಬಹುತೇಕ ಮಾತಿನದಾಗಿರುವುದರಿಂದ ಕಲ್ಲಿನ ಒಳದೋಷಕ್ಕೆ ಮಾರಿದವನನ್ನು ಹೊಣೆ ಮಾಡುವುದು ಕಷ್ಟ. ಮುರಿದ ದಿಮ್ಮಿಯಿಂದ ಸಾಧ್ಯವಾದರೆ ಚಿಕ್ಕದೊಂದು ಮೂರ್ತಿಯನ್ನೋ ದೀಪಸ್ತಂಭವನ್ನೋ ತೆಗೆಯುತ್ತಾರೆ. ಮೂರ್ತಿಯ ತೋಳಿಗೂ ದೇಹಕ್ಕೂ ನಡುವಿನ ಕಲ್ಲನ್ನು ಕೊನೆಯವರೆಗೆ ತೆಗೆಯದೆ ಆಸರೆಯಾಗಿ ಉಳಿಸಿಕೊಳ್ಳುವುದು ಈ ಭಯದಿಂದಲೇ.

ಕೆತ್ತುವ ಕ್ರಮ

ಬಂಡೆಯನ್ನು ಸೀಳಲು ಗೆರೆಯುದ್ದಕ್ಕೂ ಸಾಲಾಗಿ ಕುಳಿಗಳನ್ನು ತೋಡಿ, ಅವುಗಳಲ್ಲಿ ಕಬ್ಬಿಣದ ಬೆಣೆಗಳನ್ನಿಟ್ಟು ಸರದಿಯಂತೆ ಬಡಿಯುತ್ತಾರೆ. ಹಿಂದೆ ಒಣಮರದ ಬೆಣೆಗಳನ್ನು ಜಡಿದು ನೀರು ಹಾಕಿ, ಮರ ಉಬ್ಬಿದಾಗ ಕಲ್ಲು ಬಿರಿಯುವಂತೆ ಮಾಡುತ್ತಿದ್ದರು. ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುವ ಪದ್ಧತಿಯೂ ಇತ್ತು.

ಹದಗೊಳಿಸಿದ ದಿಮ್ಮಿಯ ಮೇಲೆ ಮೊದಲು ನಡುಗೆರೆಯನ್ನು ಎಳೆಯುತ್ತಾರೆ. ಇದಕ್ಕೆ ಬ್ರಹ್ಮಸೂತ್ರವೆಂದು ಹೆಸರು. ಅದರ ಎರಡು ಬದಿಗೆ ತಾಳದ ಅಡ್ಡಗೆರೆಗಳನ್ನು ಹಾಕಿ ಕಾವಿಯಿಂದ ರೂಪರೇಖೆ ಬರೆಯುತ್ತಾರೆ. ಚಾಣ, ಉಳಿ ಮತ್ತು ಸುತ್ತಿಗೆಗಳಿಂದ ಹೆಚ್ಚುವರಿ ಕಲ್ಲನ್ನು ತೆಗೆದ ಮೇಲೆ ಅಂಗಾಂಗ, ಅನಂತರ ಆಭರಣ, ಕೊನೆಗೆ ಮುಖ. ಕೆಲಸ ಮುಂದುವರಿದಂತೆ ಗೆರೆಗಳು ಅಳಿಯುವುದರಿಂದ ನಡುಗೆರೆಯನ್ನು ಮತ್ತೆ ಮತ್ತೆ ಬರೆಯಬೇಕಾಗುತ್ತದೆ. ಉಳಿಗಳನ್ನು ಕುಲುಮೆಯಲ್ಲಿ ಕಾಸಿ, ತಟ್ಟಿ, ನೀರಿನಲ್ಲಿ ಅದ್ದಿ ಹದ ಕೊಡುವುದು ಕಸುಬಿನ ಮೊದಲ ಪಾಠ. ಹದ ಹೆಚ್ಚಾದರೆ ಮೊನೆ ಸಿಡಿಯುತ್ತದೆ, ಕಡಿಮೆಯಾದರೆ ಮಡಿಚಿಕೊಳ್ಳುತ್ತದೆ. ಕಾರ್ಬೈಡ್ ಮೊನೆಯ ಉಳಿಗಳು ಬಂದ ಬಳಿಕ ಈ ಕೆಲಸ ತಗ್ಗಿದೆ. ಕೆತ್ತನೆ ಮುಗಿದ ಮೇಲೆ ಕುರುಂದದ ಕಲ್ಲಿನಿಂದ ನೀರು ಹಾಕಿ ಉಜ್ಜಿ ನಯಗೊಳಿಸುತ್ತಾರೆ.

ಮೂರ್ತಿಯನ್ನು ಗುಡಿಗೆ ಒಯ್ದು ಜಲಾಧಿವಾಸ, ಧಾನ್ಯಾಧಿವಾಸಗಳಲ್ಲಿರಿಸಿ, ಅಷ್ಟಬಂಧವೆಂಬ ಅಂಟಿನಿಂದ ಪೀಠಕ್ಕೆ ಕೂರಿಸಲಾಗುತ್ತದೆ. ಕಣ್ಣಿನ ಗೆರೆಯನ್ನು ಬಿಡಿಸುವ ನೇತ್ರೋನ್ಮೀಲನ ಶಿಲ್ಪಿಯ ಕೈಯಿಂದಲೇ ಆಗಬೇಕು. ಇದಕ್ಕೆ ಚಿನ್ನದ ಸೂಜಿ, ಬೆಳ್ಳಿಯ ಸುತ್ತಿಗೆಯನ್ನು ಬಳಸುತ್ತಾರೆ. ಆ ಸಂದರ್ಭದಲ್ಲಿ ಸಮಿತಿಯವರು ಶಿಲ್ಪಿಗೆ ವಸ್ತ್ರ, ಫಲತಾಂಬೂಲ, ದಕ್ಷಿಣೆ ಕೊಟ್ಟು ಗೌರವಿಸುತ್ತಾರೆ. ಪ್ರತಿಷ್ಠೆಯಾದ ಬಳಿಕ ತಾನೇ ಕೆತ್ತಿದ ಮೂರ್ತಿಯನ್ನು ಶಿಲ್ಪಿ ಇತರ ಭಕ್ತರಂತೆ ಹೊಸ್ತಿಲಿನ ಈಚೆ ನಿಂತು ನೋಡಬೇಕು.

ದಿನನಿತ್ಯದ ಕೆಲಸ ಮತ್ತು ಮಾರಾಟ

ದೊಡ್ಡ ಮೂರ್ತಿಗಳು ಹೆಸರು ತರುತ್ತವೆಯಾದರೂ ಮನೆ ನಡೆಸುವುದು ಚಿಕ್ಕ ಕೆಲಸಗಳು. ಶಂಕುಸ್ಥಾಪನೆಯ ಫಲಕ, ಸಮಾಧಿ ಕಲ್ಲು, ತುಳಸಿಕಟ್ಟೆ, ಅರಳಿಕಟ್ಟೆಯ ನಾಗರಕಲ್ಲು, ತೋಟದ ಆಸನ, ದೀಪದ ಕಂಬ ಇವೆಲ್ಲ ವರ್ಷವಿಡೀ ಬೇಡಿಕೆಯಿರುವಂಥವು. ಅಕ್ಷರ ಕೊರೆಯುವ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳು ಕಿತ್ತುಕೊಂಡಿವೆ. ರಾಗಿ ಬೀಸುವ ಕಲ್ಲು, ರುಬ್ಬುವ ಗುಂಡುಗಳು ಒಂದು ಕಾಲಕ್ಕೆ ಪ್ರತಿ ಮನೆಯಲ್ಲಿಯೂ ಇದ್ದವು. ಸವೆದ ಕಲ್ಲಿಗೆ ಉಳಿಯಿಂದ ‘ಮುಳ್ಳು ಹಾಕುವ’ವರು ಬೀದಿಗಳಲ್ಲಿ ಕೂಗುತ್ತ ಬರುತ್ತಿದ್ದರು. ಹಿಟ್ಟಿನ ಗಿರಣಿಗಳೂ ಮಿಕ್ಸಿಗಳೂ ಬಂದ ಮೇಲೆ ಈ ಆದಾಯ ನಿಂತಿತು. ಇತ್ತೀಚೆಗೆ ನಗರದ ಗ್ರಾಹಕರು ಬಳಪದ ಕಲ್ಲಿನ ಅಡುಗೆ ಪಾತ್ರೆ, ಕುಟ್ಟಾಣಿಗಳನ್ನು ಅಂತರಜಾಲದ ಮೂಲಕ ಕೊಳ್ಳುತ್ತಿರುವುದರಿಂದ ಹಳೆಯ ವಸ್ತುಗಳಲ್ಲಿ ಕೆಲವು ಮರಳಿ ಬಂದಿವೆ.

ಕರಕುಶಲ ವಸ್ತುಗಳ ಮಾರಾಟಕ್ಕೆ ಜಾತ್ರೆಗಳು, ರಸ್ತೆಬದಿಯ ಮಳಿಗೆಗಳು ಮತ್ತು ವಸ್ತುಪ್ರದರ್ಶನಗಳು ಆಧಾರ. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಮಳಿಗೆಗಳ ಮೂಲಕ ಮಾರಾಟ ಮಾಡುತ್ತದೆ. ಪೈಪೋಟಿ ಹಲವು ಕಡೆಯಿಂದ ಇದೆ. ಗ್ರಾನೈಟ್ ಮೂರ್ತಿಗಳಿಗೆ ತಮಿಳುನಾಡಿನ ಮಹಾಬಲಿಪುರಂ, ರಾಜ್ಯದೊಳಗೆ ಕೋಲಾರ ಜಿಲ್ಲೆಯ ಶಿವಾರಪಟ್ಟಣ, ಬಳಪದ ಕಲ್ಲಿನ ಅಗ್ಗದ ವಸ್ತುಗಳಿಗೆ ಆಗ್ರಾ ಪ್ರಸಿದ್ಧ. ಅಚ್ಚಿನಲ್ಲಿ ಎರಕ ಹೊಯ್ದ ಕಲ್ಲುಪುಡಿಯ ವಿಗ್ರಹಗಳನ್ನು ಕೆತ್ತಿದವೆಂದೇ ಭಾವಿಸಿ ಕೊಳ್ಳುವವರೂ ಇದ್ದಾರೆ. ತಳಭಾಗದಲ್ಲಿ ಉಳಿಯ ಗುರುತಿಲ್ಲದಿರುವುದು, ಕೀಲುಗೆರೆ ಇರುವುದು ಅವುಗಳನ್ನು ಗುರುತಿಸುವ ಬಗೆ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮದ್ದೂರು, ಮಂಡ್ಯ ಪಟ್ಟಣಗಳನ್ನು ಬಳಸಿಕೊಂಡು ಸಾಗುತ್ತದೆ. ಪ್ರವಾಸಿಗಳು ಪಟ್ಟಣದೊಳಗೆ ಬರುವುದು ತಪ್ಪಿದ್ದರಿಂದ ಚನ್ನಪಟ್ಟಣದ ಗೊಂಬೆ ಮಳಿಗೆಗಳು, ಮದ್ದೂರು ವಡೆಯ ಹೋಟೆಲುಗಳು ಸೇರಿದಂತೆ ಹಳೆಯ ಹೆದ್ದಾರಿಯನ್ನು ನಂಬಿದ್ದ ವ್ಯಾಪಾರಿಗಳು ನಷ್ಟ ಹೇಳಿಕೊಂಡರು. ಕಾರು ನಿಲ್ಲಿಸಿ, ಕಣ್ಣಿಗೆ ಬಿದ್ದುದನ್ನು ಕೊಳ್ಳುವ ಗಿರಾಕಿಯನ್ನೇ ನೆಚ್ಚಿದ ಕಲ್ಲಿನ ವಸ್ತುಗಳ ಮಾರಾಟಕ್ಕೂ ಇದು ಅನ್ವಯಿಸುತ್ತದೆ.

ಆರೋಗ್ಯ

ಕ್ವಾರ್ಟ್ಸ್ ಇರುವ ಕಲ್ಲನ್ನು ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಗೊಂಡು ಸಿಲಿಕೋಸಿಸ್ ಉಂಟುಮಾಡುತ್ತದೆ. ಹಾನಿಕಾರಕವಾದುದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಧೂಳು. ರೋಗ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ, ಗುಣವಾಗುವುದಿಲ್ಲ, ಕ್ಷಯ ತಗಲುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಎರಡರಲ್ಲಿಯೂ ಕೆಮ್ಮು ಇರುವುದರಿಂದ ಒಂದನ್ನು ಮತ್ತೊಂದೆಂದು ತಿಳಿದು ಚಿಕಿತ್ಸೆ ಮಾಡುವುದುಂಟು. ಉಳಿ ಸುತ್ತಿಗೆಯ ಕಾಲಕ್ಕಿಂತ ವಿದ್ಯುತ್ ಗ್ರೈಂಡರ್ ಬಂದ ಮೇಲೆ ಅಪಾಯ ಹೆಚ್ಚಿದೆ: ಗ್ರೈಂಡರ್ ಕಲ್ಲನ್ನು ಚೂರುಗಳಾಗಿ ಸಿಡಿಸದೆ ಹುಡಿಯಾಗಿ ತೇಯುತ್ತದೆ. ನೀರು ಹರಿಸಿಕೊಂಡು ಕತ್ತರಿಸುವುದು, ತೆರೆದ ಜಾಗದಲ್ಲಿ ಗಾಳಿಗೆ ಬೆನ್ನಾಗಿ ಕುಳಿತು ಕೆಲಸ ಮಾಡುವುದು ಮತ್ತು ಎನ್-95 ದರ್ಜೆಯ ಮುಖಗವಸು ಧರಿಸುವುದು ತಡೆಯ ಕ್ರಮಗಳು. ಮುಖಕ್ಕೆ ಕಟ್ಟುವ ಟವೆಲ್ ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಸ್ವಂತ ಮನೆಯ ಅಂಗಳದಲ್ಲಿ ಕೆಲಸ ಮಾಡುವ ಕೆತ್ತನೆಗಾರರು ಕಾರ್ಖಾನೆಗಳಿಗಿರುವ ತಪಾಸಣೆಗೆ ಒಳಪಡುವುದಿಲ್ಲ. ಅಂಗಳದಲ್ಲಿ ಆಡುವ ಮಕ್ಕಳೂ ಅದೇ ಗಾಳಿಯನ್ನು ಉಸಿರಾಡುತ್ತಾರೆ.

ತರಬೇತಿ ಮತ್ತು ಸರ್ಕಾರದ ಯೋಜನೆಗಳು

ಕಸುಬು ಮುಖ್ಯವಾಗಿ ಮನೆಯಲ್ಲಿಯೇ ತಂದೆಯಿಂದ ಮಗನಿಗೆ ಬರುತ್ತಿತ್ತು. ಇಂದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಶಿಲ್ಪಕಲೆಯ ಶಿಕ್ಷಣವೂ ಮದ್ದೂರಿಗೆ ದೂರವಲ್ಲದ ಬಿಡದಿ ಸಮೀಪದ ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕ್ ಪ್ರವರ್ತಿತ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಕೆತ್ತನೆಯ ತರಬೇತಿಯೂ ದೊರೆಯುತ್ತವೆ. ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಎಂ.ಬಿ.ಎ. ಓದಿ ಖಾಸಗಿ ಉದ್ಯೋಗದಲ್ಲಿದ್ದು, ಅದನ್ನು ಬಿಟ್ಟು ಮನೆತನದ ಕಸುಬಿಗೆ ಮರಳಿದವರು. ಅವರು ಕೃಷ್ಣಶಿಲೆಯಲ್ಲಿ ಕೆತ್ತಿದ 51 ಇಂಚು ಎತ್ತರದ ಬಾಲರಾಮನ ಮೂರ್ತಿ 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾಯಿತು. ಅದರಿಂದ ಮೈಸೂರು ಸೀಮೆಯ ಶಿಲ್ಪಿಗಳ ಬಗ್ಗೆ ದೇಶದಾದ್ಯಂತ ಕುತೂಹಲ ಮೂಡಿತು.

ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿ ಹಾಗೂ ಕಲ್ಲು ಒಡೆಯುವವರೂ ಸೇರಿದ್ದಾರೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ ನೆರವು, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿ ಸಿಗುತ್ತದೆ. ಕಲ್ಲು, ಅಮೃತಶಿಲೆ ಮತ್ತು ಮರದ ದೇವತಾ ಮೂರ್ತಿಗಳಿಗೆ 2018ರಲ್ಲಿ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ದೊರೆಯಿತು. ಈ ವಿನಾಯಿತಿ ದೇವತಾ ಮೂರ್ತಿಗಳಿಗಷ್ಟೇ ಸೀಮಿತ; ಒಂದೇ ಕಲ್ಲಿನಿಂದ, ಒಂದೇ ಕೈಯಿಂದ ಮೂಡಿದ ಗಣಪತಿಯೂ ತೋಟದ ಆನೆಯೂ ತೆರಿಗೆಯ ಲೆಕ್ಕದಲ್ಲಿ ಬೇರೆ ಬೇರೆ.

ಕಚ್ಚಾವಸ್ತುವಿನ ಪ್ರಶ್ನೆ ಬಗೆಹರಿದಿಲ್ಲ. ಕಟ್ಟಡದ ಕಲ್ಲು ಮತ್ತು ಅಲಂಕಾರಿಕ ಶಿಲೆಯ ಗಣಿಗಾರಿಕೆ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳಿಗೆ ಒಳಪಟ್ಟಿದ್ದು, ವರ್ಷಕ್ಕೆ ಕೆಲವೇ ದಿಮ್ಮಿ ಬೇಕಾದ ಕೆತ್ತನೆಗಾರ ಗುತ್ತಿಗೆ ಪಡೆಯುವ ಸ್ಥಿತಿಯಲ್ಲಿರುವುದಿಲ್ಲ. ಆತ ಗುತ್ತಿಗೆದಾರರಿಂದಲೇ ಕೊಳ್ಳಬೇಕು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತಲಿನ ಕಲ್ಲುಗಣಿಗಳಿಂದ ಕೃಷ್ಣರಾಜಸಾಗರ ಅಣೆಕಟ್ಟೆಗೆ ಅಪಾಯವಿದೆಯೆಂಬ ವಿವಾದ ಹಲವು ವರ್ಷ ನಡೆದು, 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅಣೆಕಟ್ಟೆಯ 20 ಕಿ.ಮೀ. ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆ ನೀಡಿತು. ಸಿಡಿಮದ್ದು ಇಟ್ಟು ಜಲ್ಲಿ ತೆಗೆಯುವ ಗಣಿಯೂ ಬೆಣೆಯಿಂದ ದಿಮ್ಮಿ ಬಿಡಿಸುವ ಕೆಲಸವೂ ಬೇರೆ ಬೇರೆ ಸ್ವರೂಪದವು. ಸ್ಫೋಟದಿಂದ ಒಳಗೆ ಕೂದಲೆಳೆಯಷ್ಟು ಬಿರುಕು ಬಿಡುವ ಕಲ್ಲು ಶಿಲ್ಪಿಗೆ ಪ್ರಯೋಜನಕ್ಕೆ ಬರುವುದಿಲ್ಲ.